ಮಿಗ್ ಮಷೀನು ತಂದಿರಿ ಸರಿ, ಸಾಕೆಟ್ ನೋಡಿದಿರಾ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಾಮಾನಿನ ಬಗ್ಗೆ. ಮನೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಮಿಗ್ ವೆಲ್ಡಿಂಗ್ ಮಷೀನು, ಅಂದರೆ ರಾಡಿನ ಬದಲು ವೈರು ತಾನೇ ಬಂದು ಕರಗಿ ಬೆಸೆಯುವಂಥದ್ದು. ಮೊದಲೆಲ್ಲ ಮಿಗ್ ನೋಡಬೇಕಾದರೆ ಫ್ಯಾಕ್ಟರಿಗೋ ಬಸ್ ಬಾಡಿ ಕಟ್ಟುವ ಶೆಡ್ಡಿಗೋ ಹೋಗಬೇಕಿತ್ತು. ತ್ರೀ ಫೇಸ್ ಬೇಕಿತ್ತು, ಜರುಗಿಸಲು ಇಬ್ಬರು ಬೇಕಿತ್ತು. ಈಗಿನ ಇನ್ವರ್ಟರ್ ಮಷೀನು (ಬ್ಯಾಟರಿ ಇನ್ವರ್ಟರ್ ಅಲ್ಲ, ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಹಗುರ ಮಷೀನು) ಒಂದು ಕೈಯಲ್ಲಿ ಎತ್ತಬಹುದು, ಮನೆಯ ಸಿಂಗಲ್ ಫೇಸಿನಲ್ಲೇ ಓಡುತ್ತದೆ. ಹಾಗಾಗಿ ಗೇಟು, ಕಿಟಕಿ ಗ್ರಿಲ್, ಕೊಟ್ಟಿಗೆಯ ಕಟಾಂಜನ ಎಲ್ಲ ನಾವೇ ಮಾಡಿಕೊಂಡರಾಯಿತು ಅನ್ನುವ ಹುಮ್ಮಸ್ಸು. ಒಳ್ಳೇದೇ. ದಾವಣಗೆರೆಯಲ್ಲಿ ಐಟಿಐ ಹುಡುಗರಿಗೆ ವೆಲ್ಡಿಂಗ್ ಕಲಿಸಿ ನಿವೃತ್ತನಾಗಿ, ಈಗ ಪಿ.ಬಿ. ರಸ್ತೆಯ ಹಿಂದೆ ಸಣ್ಣ ಶೆಡ್ ಇಟ್ಟುಕೊಂಡಿರುವ ನನಗೆ ಖುಷಿಯೇ. ಆದರೆ ಪತ್ರಗಳಲ್ಲಿ ಎಲ್ಲರೂ ಕೇಳುವುದು ಯಾವ ಕಂಪನಿ ಮಷೀನು ಅಂತ. ಅದನ್ನು ಸಿಕ್ಕಿಸುವ ಸಾಕೆಟ್ ಬಗ್ಗೆ ಕೇಳಿದವರು ಒಬ್ಬರೇ. ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಮೇಷ್ಟ್ರೇ, 200 ಆಂಪ್ಸ್ ಮಿಗ್ ಮಷೀನು ತಂದಿದ್ದೇನೆ. ಮನೆಯ 16 ಆಂಪ್ಸ್ ಪವರ್ ಸಾಕೆಟ್ಟಿಗೆ ಹಾಕಿದರೆ ಆಗಾಗ ಎಂಸಿಬಿ ಬೀಳುತ್ತದೆ. ದೊಡ್ಡ ಎಂಸಿಬಿ ಹಾಕಿಕೊಡುತ್ತೇನೆ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಹಾಕಿಸಲಾ? — ಜಗಳೂರಿನ ಓದುಗರು

ಬೇಡ ತಮ್ಮಾ. ಎಂಸಿಬಿ, ಅಂದರೆ ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು, ಇರುವುದು ಮಷೀನು ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರ್ ಕಾಯುವುದಕ್ಕೆ. ವೈರ್ ಹಳೇದೇ ಇಟ್ಟು ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ, ಮುಂದಿನ ಸಲ ಎಂಸಿಬಿ ಬೀಳುವುದಿಲ್ಲ, ವೈರ್ ಬಿಸಿಯಾಗುತ್ತದೆ. ಅದು ನಿಮಗೆ ಗೊತ್ತಾಗುವುದು ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದ ಮೇಲೆ.

ಲೆಕ್ಕ ನೋಡಿ. 100 ಆಂಪ್ಸಿನಲ್ಲಿ ವೆಲ್ಡ್ ಮಾಡುವಾಗ ಟಾರ್ಚಿನ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಗನ್ನು) ಹತ್ತಿರ ಸುಮಾರು 19 ವೋಲ್ಟ್ ಇರುತ್ತದೆ. ಗುಣಿಸಿದರೆ 1.9 ಕಿಲೋವ್ಯಾಟ್. ಮಷೀನು ತಾನು ತಿನ್ನುವುದನ್ನೂ ಸೇರಿಸಿದರೆ ಗೋಡೆಯಿಂದ 13, 14 ಆಂಪ್ಸ್ ಎಳೆಯುತ್ತದೆ. ಅಲ್ಲಿಗೆ 16 ಆಂಪ್ಸ್ ಸಾಕೆಟ್ಟಿನ ಕಥೆ ಮುಗಿಯಿತು. 200ಕ್ಕೆ ತಿರುಗಿಸಿದರೆ 30 ಆಂಪ್ಸ್ ದಾಟುತ್ತದೆ. ಊರಿನಲ್ಲಿ ವೋಲ್ಟೇಜ್ ಇಳಿದಿದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಇನ್ವರ್ಟರ್ ಮಷೀನು ಕಡಿಮೆ ವೋಲ್ಟೇಜಿಗೆ ಹೆಚ್ಚು ಕರೆಂಟ್ ಎಳೆದು ಸರಿದೂಗಿಸಿಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು. ಮೇನ್ ಬೋರ್ಡಿನಿಂದ ಮಷೀನಿಗೆಂದೇ ಬೇರೆ ಲೈನ್ ಎಳೆಸಿ. 6 ಚದರ ಮಿಲಿಮೀಟರ್ ತಾಮ್ರದ ವೈರ್, ಸಿ ಟೈಪಿನ 32 ಆಂಪ್ಸ್ ಎಂಸಿಬಿ, ಕೈಗಾರಿಕೆಯವರು ಬಳಸುವ ನೀಲಿ 32 ಆಂಪ್ಸ್ ಪ್ಲಗ್ಗು ಸಾಕೆಟ್ಟು. ಜೊತೆಗೆ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ. ಅದು ಪದೇ ಪದೇ ಬಿದ್ದರೆ ಕಿತ್ತು ಹಾಕಬೇಡಿ, ಯಾಕೆ ಬೀಳುತ್ತಿದೆ ಅಂತ ಹುಡುಕಿಸಿ. ಮನೆಗೆ ಮಂಜೂರಾದ ಲೋಡ್ 2, 3 ಕಿಲೋವ್ಯಾಟ್ ಇದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಕಂಬಕ್ಕೆ ಕೊಕ್ಕೆ ಹಾಕುವ ಯೋಚನೆ ಇದ್ದರೆ ಈ ಅಂಕಣ ಓದುವುದನ್ನು ಇಲ್ಲಿಗೇ ನಿಲ್ಲಿಸಿ.

ಇನ್ನೊಂದು. "ಅರ್ತ್ ಕ್ಲಾಂಪ್ ಹಾಕಿದೀನಲ್ಲ ಸರ್, ಅರ್ತಿಂಗ್ ಆಯ್ತು" ಅನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ಆಗಿಲ್ಲ. ಕಬ್ಬಿಣಕ್ಕೆ ಕಚ್ಚಿಸುವ ಕ್ಲಾಂಪು ವೆಲ್ಡಿಂಗ್ ಕರೆಂಟು ಮಷೀನಿಗೆ ವಾಪಸ್ ಹೋಗುವ ದಾರಿ, ಅಷ್ಟೇ. ನಿಮ್ಮ ಜೀವ ಉಳಿಸುವುದು ಪ್ಲಗ್ಗಿನ ಮೂರನೇ ಪಿನ್ನು, ಅದರ ಹಸಿರು ವೈರು, ಆ ವೈರು ಹೋಗಿ ಸೇರುವ ಅರ್ತಿಂಗ್ ಗುಂಡಿ. ಮಷೀನಿನೊಳಗೆ ಏನಾದರೂ ಕಿತ್ತು ತಗಡಿನ ಬಾಡಿಗೆ ಕರೆಂಟು ಬಂದರೆ, ಆ ಕ್ಲಾಂಪು ನಿಮ್ಮನ್ನು ಕಾಪಾಡುವುದಿಲ್ಲ. ನಮ್ಮ ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಎರಡೇ ವೈರ್ ಇರುತ್ತವೆ. ತೆಗೆಸಿ ನೋಡಿ. ಬೇಸಿಗೆಯಲ್ಲಿ ಗುಂಡಿ ಒಣಗಿ ನಾಲ್ಕು ಕೊಡ ನೀರು ಕಾಣದೆ ಎಷ್ಟು ದಿನ ಆಗಿದೆಯೋ ಅದನ್ನೂ ವಿಚಾರಿಸಿ.

ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ, ಬಣ್ಣ ಉಜ್ಜಿ ತೆಗೆದ ಕಬ್ಬಿಣಕ್ಕೆ ಕಚ್ಚಿಸಿ. ಆ ತುದಿಗೆ ಕಚ್ಚಿಸಿ ಈ ತುದಿಯಲ್ಲಿ ವೆಲ್ಡ್ ಮಾಡಿದರೆ ಕರೆಂಟು ಮಧ್ಯದ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡುತ್ತದೆ. ಟ್ರ್ಯಾಕ್ಟರಿಗೋ ಗಾಡಿಗೋ ವೆಲ್ಡ್ ಮಾಡುವಾಗ ಮೊದಲು ಬ್ಯಾಟರಿ ವೈರ್ ಬಿಚ್ಚಿ.

ಟೆರೇಸಿನ ಮೇಲೆ ಶೆಡ್ ಕಟ್ಟುತ್ತಿದ್ದೇವೆ. ಕೆಳಗೆ ಮಾಡಿದ ವೆಲ್ಡಿಂಗ್ ಚೆನ್ನಾಗಿ ಬಂತು, ಮೇಲೆ ಮಾಡಿದ್ದರಲ್ಲಿ ಬರೀ ತೂತು. ಗ್ಯಾಸ್ ಜಾಸ್ತಿ ಬಿಟ್ಟರೂ ಹಾಗೇ. — ಚಿತ್ರದುರ್ಗದ ಓದುಗರು

ನಿಮ್ಮೂರಿನ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಲ್ಲಿಸಿರುವುದು ಸುಮ್ನೆ ಅಲ್ಲ! ಮಿಗ್ಗಿನಲ್ಲಿ ಕರಗಿದ ಲೋಹವನ್ನು ಗಾಳಿ ಮುಟ್ಟದಂತೆ ಕಾಯುವುದು ಟಾರ್ಚಿನ ತುದಿಯ ನಾಝಲ್ಲಿನಿಂದ ಬರುವ ಗ್ಯಾಸು. ಬಟ್ಟೆ ಅಲುಗಾಡುವಷ್ಟು ಗಾಳಿ ಸಾಕು, ಅದು ಹಾರಿಹೋಗುತ್ತದೆ. ಆಗ ಗಾಳಿ ಲೋಹದೊಳಗೆ ಸೇರಿ, ತಣಿಯುವಾಗ ಗುಳ್ಳೆಯಾಗಿ ಹೊರಬರುತ್ತದೆ. ಆ ತೂತು ಅದೇ. ಗ್ಯಾಸ್ ಜಾಸ್ತಿ ಬಿಟ್ಟರೆ ಸರಿಹೋಗುವುದಿಲ್ಲ. ನಿಮಿಷಕ್ಕೆ 10ರಿಂದ 12 ಲೀಟರ್ ಸಾಕು. 25ಕ್ಕೆ ತಿರುಗಿಸಿದರೆ ಗ್ಯಾಸು ಸುಳಿಯಾಗಿ ತಿರುಗಿ ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ದುಡ್ಡೂ ದಂಡ.

ಎರಡು ದಾರಿ ಇವೆ. ಗಾಳಿ ಬರುವ ಕಡೆ ತಗಡು ಅಡ್ಡ ನಿಲ್ಲಿಸಿ. ಇಲ್ಲವೇ ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವೈರ್ ಹಾಕಿ. ಅದರ ಹೊಟ್ಟೆಯಲ್ಲೇ ರಾಡಿನ ಮೇಲಿರುವಂಥ ಪುಡಿ ಇರುತ್ತದೆ, ಹೊಗೆ ಜಾಸ್ತಿ, ಮೇಲೆ ಕಟ್ಟಿದ ಚಕ್ಕೆ ಸುತ್ತಿಗೆಯಲ್ಲಿ ಬಡಿದು ತೆಗೆಯಬೇಕು. ವೈರ್ ಬದಲಾಯಿಸಿದಾಗ ಮಷೀನಿನೊಳಗಿನ ಕನೆಕ್ಷನ್ನೂ ಬದಲಾಯಿಸಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗ್ಯಾಸ್ ಹಾಕಿ ಮಾಮೂಲಿ ವೈರ್ ಓಡಿಸುವಾಗ ಟಾರ್ಚ್ ಪ್ಲಸ್ಸಿಗೆ, ಕ್ಲಾಂಪು ಮೈನಸ್ಸಿಗೆ. ಗ್ಯಾಸ್ ಇಲ್ಲದ ವೈರಿಗೆ ಇದು ಉಲ್ಟಾ. ಹಾಗೆ ಮಾಡದಿದ್ದರೆ ಕಾಳು ಕಾಳಾಗಿ ಸಿಡಿದು ಬೀಡು, ಅಂದರೆ ವೆಲ್ಡಿನ ಸಾಲು, ಗಲೀಜಾಗುತ್ತದೆ, ಜನ ವೈರ್ ಕಂಪನಿಯನ್ನು ಬೈಯುತ್ತಾರೆ.

ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಗೇಜು ನಿನ್ನೆವರೆಗೂ ತುಂಬಿದಂತೆ ತೋರಿಸುತ್ತಿತ್ತು. ಇವತ್ತು ಒಂದೇ ಗಂಟೆಯಲ್ಲಿ ಸೊನ್ನೆ. ಗ್ಯಾಸಿನವರು ಮೋಸ ಮಾಡಿದರಾ? ಮಿಕ್ಸ್ ಗ್ಯಾಸಿಗೆ ಹೋಗುವುದು ಒಳ್ಳೇದಾ? — ಚನ್ನಗಿರಿಯ ಅಡಿಕೆ ಬೆಳೆಗಾರರು

ಮೋಸ ಅಲ್ಲ ಯಜಮಾನರೇ. ಸಿಓಟು ಸಿಲಿಂಡರಿನಲ್ಲಿ ದ್ರವವಾಗಿ ಇರುತ್ತದೆ, ಅದರ ಮೇಲೆ ಆವಿ. ನೀವು ಆವಿ ಬಳಸಿದಷ್ಟೂ ದ್ರವ ಕುದಿದು ಅದೇ ಒತ್ತಡ ತುಂಬುತ್ತದೆ. ದ್ರವದ ಕೊನೆಯ ಹನಿ ಇರುವ ತನಕ ಗೇಜಿನ ಮುಳ್ಳು ಇಳಿಯುವುದಿಲ್ಲ, ಆಮೇಲೆ ದಬಕ್ಕನೆ ಬೀಳುತ್ತದೆ. ಎಷ್ಟು ಉಳಿದಿದೆ ಅಂತ ನೋಡಬೇಕಾದರೆ ಅಡಿಕೆ ತೂಗುವ ನಿಮ್ಮ ತಕ್ಕಡಿಯೇ ಸರಿ. ಖಾಲಿ ಸಿಲಿಂಡರಿನ ತೂಕ ಅದರ ಹೆಗಲ ಮೇಲೆ ಕೆತ್ತಿರುತ್ತದೆ, ಒಟ್ಟು ತೂಕದಿಂದ ಅದನ್ನು ಕಳೆಯಿರಿ. ಅಲ್ಲೇ ಟೆಸ್ಟ್ ಮಾಡಿದ ದಿನಾಂಕವೂ ಇರುತ್ತದೆ. ಅವಧಿ ಮೀರಿದ ಸಿಲಿಂಡರ್ ಕೊಟ್ಟರೆ ತೆಗೆದುಕೊಳ್ಳಬೇಡಿ.

31 ಡಿಗ್ರಿ ದಾಟಿದರೆ ಸಿಓಟು ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಏರುತ್ತ ಹೋಗುತ್ತದೆ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ನೆರಳಿನಲ್ಲೇ 38 ಕಾಣುತ್ತೇವೆ. ಹಾಗಾಗಿ ಸಿಲಿಂಡರು ಅಡಿಕೆ ಒಣಗಿಸುವ ಕಣದಲ್ಲಿ ಬಿಸಿಲಿಗೆ ಬಿದ್ದಿರಬಾರದು. ನೆಟ್ಟಗೆ ನಿಲ್ಲಿಸಿ, ಗೋಡೆಗೆ ಸರಪಳಿ ಕಟ್ಟಿ. ಮಲಗಿಸಿ ಬಳಸಿದರೆ ರೆಗ್ಯುಲೇಟರಿಗೆ ದ್ರವ ನುಗ್ಗುತ್ತದೆ. ಸಿಓಟುಗೆ ಹೀಟರ್ ಇರುವ ರೆಗ್ಯುಲೇಟರೇ ಬೇಕು, ಇಲ್ಲದಿದ್ದರೆ ಒತ್ತಡ ಇಳಿಯುವ ಜಾಗದಲ್ಲಿ ಹಿಮ ಕಟ್ಟಿ ಗ್ಯಾಸ್ ನಿಂತು ನಿಂತು ಬರುತ್ತದೆ. ಕನೆಕ್ಷನ್ ಕೊಟ್ಟ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಸಿಓಟು ಗಾಳಿಗಿಂತ ಭಾರ, ನೆಲದ ಮೇಲೆ ಕೂರುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಸೋರಿದರೆ ವಾಸನೆಯೂ ಬರುವುದಿಲ್ಲ, ಉಸಿರು ಕಟ್ಟುತ್ತದೆ.

ಮಿಕ್ಸ್ ಗ್ಯಾಸ್, ಅಂದರೆ 80 ಪಾಲು ಆರ್ಗಾನ್ 20 ಪಾಲು ಸಿಓಟು, ಹಾಕಿದರೆ ಸಿಡಿಯುವುದು ಕಡಿಮೆ, ತೆಳು ತಗಡಿಗೆ ಬಹಳ ಚೆಂದ. ಆದರೆ ದುಬಾರಿ. 1948ರಲ್ಲಿ ಅಮೆರಿಕದಲ್ಲಿ ಈ ಮಿಗ್ ವಿಧಾನ ಬಂದದ್ದೇ ಅಲ್ಯುಮಿನಿಯಂ ಬೆಸೆಯಲು, ಬೆಲೆಬಾಳುವ ಗ್ಯಾಸಿನ ಜೊತೆ. 1950ರ ದಶಕದಲ್ಲಿ ಸಿಓಟು ಸಾಕು ಅಂತ ಗೊತ್ತಾದ ಮೇಲೇ ಕಬ್ಬಿಣದ ಕೆಲಸಕ್ಕೆ ಅಗ್ಗವಾಗಿದ್ದು. ತೋಟದ ಗಾಡಿ, ಗೇಟಿಗೆಲ್ಲ ಸಿಓಟು ಧಾರಾಳ ಸಾಕು. ಬರೀ ಆರ್ಗಾನ್ ಮಾತ್ರ ಕಬ್ಬಿಣಕ್ಕೆ ಹಾಕಬೇಡಿ, ಬೀಡು ಮೇಲೆ ಮೇಲೆ ಕೂರುತ್ತದೆ.

ವೋಲ್ಟ್ ಎಷ್ಟಿಡಬೇಕು, ವೈರ್ ಸ್ಪೀಡ್ ಎಷ್ಟಿಡಬೇಕು? ಒಂದೊಂದು ವಿಡಿಯೋದಲ್ಲಿ ಒಂದೊಂದು ಹೇಳುತ್ತಾರೆ. — ಹರಿಹರದ ಓದುಗರು

ಮಷೀನಿನ ಬಾಗಿಲ ಒಳಗೆ ಅಂಟಿಸಿರುವ ಚಾರ್ಟ್ ನೋಡಿ, ಯಾವ ವಿಡಿಯೋಗಿಂತಲೂ ಅದು ವಾಸಿ. 0.8 ಮಿಲಿಮೀಟರ್ ವೈರು, 2 ಮಿಲಿಮೀಟರ್ ಎಂಎಸ್ (ಮಾಮೂಲಿ ಮೃದು ಉಕ್ಕು) ಸ್ಕ್ವೇರ್ ಪೈಪು ಅಂದರೆ 18 ವೋಲ್ಟ್, 80ರಿಂದ 90 ಆಂಪ್ಸ್ ಆಸುಪಾಸು. ಅಲ್ಲಿಂದ ಕಿವಿಗೆ ಬಿಡಿ. ಸರಿಯಾಗಿ ಕೂತರೆ ನಮ್ಮ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿಟ್ಟಾಗಿನ ಒಂದೇ ಸಮದ ಚರಚರ ಸದ್ದು ಬರುತ್ತದೆ. ವೈರು ಸೆಕೆಂಡಿಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಸಲ ಲೋಹ ಮುಟ್ಟಿ ಕರಗಿ ಬಿಡುವ ಸದ್ದು ಅದು. ಪಟ್ ಪಟ್ ಅಂತ ವೈರು ಕೈಯನ್ನು ಹಿಂದೆ ದೂಡಿದರೆ ಸ್ಪೀಡ್ ಜಾಸ್ತಿ. ಬುಸ್ ಅಂದು, ಟಾರ್ಚಿನಲ್ಲಿ ವೈರು ಹೊರಬರುವ ಟಿಪ್ಪಿಗೇ ಕರಗಿ ಅಂಟಿಕೊಂಡರೆ ಸ್ಪೀಡ್ ಕಡಿಮೆ. ಒಂದು ಸಲಕ್ಕೆ ಒಂದೇ ಬಿರಡೆ ತಿರುಗಿಸಿ. ಟಿಪ್ಪಿನಿಂದ ವೈರು 10, 12 ಮಿಲಿಮೀಟರ್ ಹೊರಗಿರಲಿ, ಟಾರ್ಚ್ ಸ್ವಲ್ಪ ಓರೆ ಇರಲಿ.

ಮಷೀನಿನ ಮೇಲೆ 60% ಅಂತ ಬರೆದಿದ್ದರೆ, ಆ ಆಂಪ್ಸಿನಲ್ಲಿ 10 ನಿಮಿಷಕ್ಕೆ 6 ನಿಮಿಷ ವೆಲ್ಡಿಂಗ್, 4 ನಿಮಿಷ ವಿಶ್ರಾಂತಿ ಅಂತ ಅರ್ಥ. ಕೊಟ್ಟರೆ ಹೆಚ್ಚು ದಿನ ಬರುತ್ತದೆ.

ಟ್ರೇಲರ್ ಹುಕ್ಕಿಗೆ ನಾನೇ ಮಿಗ್ಗಿನಲ್ಲಿ ವೆಲ್ಡ್ ಮಾಡಿದೆ. ನೋಡಿದವರೆಲ್ಲ ಫ್ಯಾಕ್ಟರಿ ಕೆಲಸದಂತಿದೆ ಅಂದರು. ಭತ್ತದ ಲೋಡು ಹಾಕಿದ ಮೊದಲ ದಿನವೇ ಕಿತ್ತುಬಂತು. ಯಾಕೆ? — ಹೊನ್ನಾಳಿಯ ಓದುಗರು

ರಸ್ತೆಯಲ್ಲಿ ಹಿಂದೆ ಬೈಕಿನವರು ಯಾರೂ ಇರಲಿಲ್ಲ ಅಂದುಕೊಳ್ಳುತ್ತೇನೆ. ನೀವು ಅದನ್ನು ಬರೆದಿಲ್ಲ.

ಮಿಗ್ಗಿನ ದೊಡ್ಡ ಅಪಾಯ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಾಡ್ ವೆಲ್ಡಿಂಗ್ ಕೆಟ್ಟದಾಗಿ ಮಾಡಿದರೆ ಕೆಟ್ಟದಾಗಿಯೇ ಕಾಣುತ್ತದೆ. ರಾಡ್ ಅಂಟಿಕೊಳ್ಳುತ್ತದೆ, ಆರುತ್ತದೆ, ಕಲಿಯುವವನಿಗೆ ಕೂಡಲೇ ಗೊತ್ತಾಗುತ್ತದೆ. ಮಿಗ್ಗಿನಲ್ಲಿ ಹಾಗಲ್ಲ. ಬಟನ್ ಒತ್ತಿದರೆ ವೈರು ತಾನೇ ಬರುತ್ತದೆ, ತಾನೇ ಕರಗುತ್ತದೆ. ಕೆಳಗಿನ 10 ಮಿಲಿಮೀಟರ್ ಪ್ಲೇಟು ಕರಗದಿದ್ದರೂ ವೈರು ಕರಗಿ ಅದರ ಮೇಲೆ ಸಾಲಾಗಿ ಕೂರುತ್ತದೆ. ನೋಡಲು ಬಲು ಚೆಂದ. ಒಳಗೆ ಹಿಡಿದೇ ಇಲ್ಲ. ನಿಮ್ಮ ಹುಕ್ಕಿನ ಮುರಿದ ಜಾಗ ನೋಡಿ. ಒಂದು ಕಡೆ ಬೀಡು ಇಡಿಯಾಗಿ ಎದ್ದುಬಂದು, ಇನ್ನೊಂದು ಕಡೆ ಪ್ಲೇಟಿನ ಹಳೇ ಮೈ, ಗ್ರೈಂಡರ್ ಗೆರೆ ಸಮೇತ, ಹಾಗೇ ಇರುತ್ತದೆ.

ಸಿಂಗಲ್ ಫೇಸಿನ ಸಣ್ಣ ಮಷೀನು 0.8 ವೈರಿನಲ್ಲಿ 4 ಮಿಲಿಮೀಟರ್ ತನಕ ನಂಬಿಕೆಯ ಕೆಲಸ ಕೊಡುತ್ತದೆ. ಅದಕ್ಕಿಂತ ದಪ್ಪ ಇದ್ದರೆ ಅಂಚು ಓರೆಯಾಗಿ ಸವೆದು, ಹಲವು ಪದರ ಹಾಕಬೇಕು, ಅದು ಕಲಿತವರ ಕೆಲಸ. ನೀವೇ ಪರೀಕ್ಷೆ ಮಾಡಿಕೊಳ್ಳಿ. ನೀವು ಬೆಸೆಯಬೇಕಿರುವಷ್ಟೇ ದಪ್ಪದ ಎರಡು ಗುಜರಿ ತುಂಡು ತಗೊಂಡು ಮಲಗಿಸಿದ ಒಂದರ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಗೆ ವೆಲ್ಡ್ ಹಾಕಿ. ತಣಿದ ಮೇಲೆ ವೆಲ್ಡಿನ ಮೇಲೇ ಮಡಚುವಂತೆ ದೊಡ್ಡ ಸುತ್ತಿಗೆಯಲ್ಲಿ ಬಡಿಯಿರಿ. ಮಡಚಿ ಹಿಡಿದುಕೊಂಡರೆ ಪಾಸು. ಚಿಪ್ಪಿನಂತೆ ಎದ್ದರೆ ನಪಾಸು. ಐಟಿಐಯಲ್ಲಿ ಹುಡುಗರ ಮುಖ ನೋಡಬೇಕಿತ್ತು ಈ ಪರೀಕ್ಷೆಯ ದಿನ, ಚೆಂದದ ಬೀಡಿನವರೇ ಮೊದಲು ನಪಾಸಾಗುತ್ತಿದ್ದರು.

ಹುಕ್ಕು, ಬ್ರೇಕು, ಸ್ಟೇರಿಂಗು, ಜೋಕಾಲಿ, ನೀರಿನ ಟ್ಯಾಂಕ್ ನಿಲ್ಲಿಸುವ ಸ್ಟ್ಯಾಂಡು: ಇವು ಮನೆ ಮಿಗ್ಗಿನ ಕೆಲಸ ಅಲ್ಲ. ಹುಕ್ಕನ್ನು ಒಳ್ಳೇ ವೆಲ್ಡರ್ ಹತ್ತಿರ ತೆಗೆದುಕೊಂಡು ಹೋಗಿ, ಹಳೇದನ್ನು ಪೂರ್ತಿ ಕೊರೆದು ತೆಗೆಸಿ ಹೊಸದಾಗಿ ಮಾಡಿಸಿ.

ಮಗ ಅಂಗಳದಲ್ಲಿ ವೆಲ್ಡಿಂಗ್ ಮಾಡುತ್ತಾನೆ, ಮೊಮ್ಮಗ ನೋಡುತ್ತ ನಿಲ್ಲುತ್ತಾನೆ. ಒಂದು ರಾತ್ರಿ ಇಬ್ಬರಿಗೂ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ, ನೀರು. ಆಲೂಗಡ್ಡೆ ಹೋಳು ಇಟ್ಟೆ. ಸರಿಯಾ? — ಹೊಳಲ್ಕೆರೆಯ ತಾಯಿಯೊಬ್ಬರು

ಅಕ್ಕಾ, ಅದು ಕಣ್ಣಿನ ಮೇಲ್ಪದರ ಸುಟ್ಟಿರುವುದು. ವೆಲ್ಡಿಂಗಿನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಕಿರಣ ಇರುತ್ತದೆ. ಸುಟ್ಟಾಗ ಗೊತ್ತಾಗುವುದಿಲ್ಲ, ಆರರಿಂದ ಹನ್ನೆರಡು ಗಂಟೆ ಬಿಟ್ಟು ರಾತ್ರಿ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಆಲೂಗಡ್ಡೆ ವಾಸಿ ಮಾಡುವುದಿಲ್ಲ, ಸುಟ್ಟ ಕಣ್ಣಿಗೆ ಸೋಂಕು ಬೇಕಾದರೆ ತರಬಹುದು. ಎದೆಹಾಲು, ಪನ್ನೀರು ಯಾವುದೂ ಬೇಡ. ಉಜ್ಜಬೇಡಿ, ಮುಚ್ಚಿದ ರೆಪ್ಪೆಯ ಮೇಲೆ ಶುದ್ಧವಾದ ತಣ್ಣನೆ ಬಟ್ಟೆ ಇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಮಗುವನ್ನಂತೂ ತೋರಿಸಲೇಬೇಕು. ಮರಗಟ್ಟಿಸುವ ಡ್ರಾಪ್ಸ್ ತಂದು ಮನೆಯಲ್ಲಿ ಹಾಕಿಕೊಳ್ಳಬಾರದು, ಅದು ನೋವು ಮುಚ್ಚಿ ಕಣ್ಣು ಕೆಡಿಸುತ್ತದೆ.

ಮಗನಿಗೆ ಹೇಳಿ: ಕಪ್ಪು ಕನ್ನಡಕ ಸಾಲದು. ಇಎನ್ 379 (ಯುರೋಪಿನ ಸುರಕ್ಷತಾ ಗುಣಮಟ್ಟ) ಅಥವಾ ಅದರ ಜಾಗಕ್ಕೆ ಬಂದ ಇಎನ್ ಐಎಸ್ಓ 16321 ಅಂತ ಗುರುತಿರುವ, ಬೆಳಕು ಬಿದ್ದೊಡನೆ ತಾನೇ ಕಪ್ಪಾಗುವ ಆಟೋ ಡಾರ್ಕ್ ಹೆಲ್ಮೆಟ್, ಗಾಜಿನ ಶೇಡ್ 10 ಅಥವಾ 11. ಕಿರಣ ಗೋಡೆಗೆ ಬಡಿದೂ ವಾಪಸ್ ಬರುತ್ತದೆ, ಹಾಗಾಗಿ ಅಂಗಳದಲ್ಲಿ ತಗಡಿನ ಅಡ್ಡ ಕಟ್ಟಲಿ. ಮೊಮ್ಮಗ ಮನೆಯೊಳಗಿರಲಿ, ಕಿಟಕಿಯಿಂದಲೂ ನೋಡುವುದು ಬೇಡ. ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಉದ್ದ ತೋಳಿನ ಹತ್ತಿ ಅಂಗಿ, ಚರ್ಮದ ಗ್ಲೌಸು, ಬೂಟು. ಲುಂಗಿ, ಹವಾಯಿ ಚಪ್ಪಲಿ ಬೇಡವೇ ಬೇಡ.

ಜಿಐ ಪೈಪ್ ವೆಲ್ಡ್ ಮಾಡಿದ ರಾತ್ರಿ ಚಳಿ ಜ್ವರ ಬಂತು. ಬೆಲ್ಲ ತಿಂದರೆ, ಹಾಲು ಕುಡಿದರೆ ಏನೂ ಆಗಲ್ಲ ಅಂತಾರೆ. — ಚಳ್ಳಕೆರೆಯ ಓದುಗರು

ಜಿಐ ಪೈಪಿನ ಮೇಲಿರುವುದು ಸತು. ಅದು 907 ಡಿಗ್ರಿಗೇ ಕುದಿಯುತ್ತದೆ. ಕಬ್ಬಿಣ ಕರಗುವುದು 1,500 ದಾಟಿದ ಮೇಲೆ. ಅಂದರೆ ಪೈಪು ಕರಗುವ ಮೊದಲೇ ಸತು ಬಿಳಿ ಹೊಗೆಯಾಗಿ ಎದ್ದಿರುತ್ತದೆ. ನೀವು ಕುಡಿದಿದ್ದು ಅದನ್ನು. ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ಆಸ್ಪತ್ರೆ. ಬೆಲ್ಲ, ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಲ್ಲ ರುಚಿಗೆ ತಿನ್ನಿ, ಬೇಡ ಅನ್ನುವುದಿಲ್ಲ.

ವೆಲ್ಡ್ ಮಾಡುವ ಜಾಗದ ಎರಡೂ ಕಡೆ ಒಂದೊಂದು ಇಂಚು ಸತುವನ್ನು ಮಾಸ್ಕ್ ಹಾಕಿಕೊಂಡೇ ಗ್ರೈಂಡ್ ಮಾಡಿ ತೆಗೆಯಿರಿ, ಆಮೇಲೆ ಜಿಂಕ್ ಪೇಂಟ್ ಬಳಿಯಿರಿ. ತಲೆಯನ್ನು ಹೊಗೆಯ ದಾರಿಗೆ ಒಡ್ಡಬೇಡಿ. ಮುಖಕ್ಕೆ ಟವೆಲ್ ಕಟ್ಟುವುದು ಧೂಳಿಗಾದೀತು, ಹೊಗೆಗೆ ಎನ್95 ಆದರೂ ಬೇಕು. ಬರೀ ಎಂಎಸ್ ಪೈಪಿನ ಹೊಗೆಯೂ ಸಾಧು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಮತ್ತೆ, ಗ್ರೀಸ್ ತೆಗೆಯಲು ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ವೆಲ್ಡ್ ಮಾಡಬೇಡಿ. ಕ್ಲೋರಿನ್ ಇರುವ ಸ್ಪ್ರೇ ಆದರೆ ಬಿಸಿಗೆ ಫಾಸ್ಜೀನ್ ಅನ್ನುವ ವಿಷದ ಗ್ಯಾಸ್ ಆಗುತ್ತದೆ.

ಖಾಲಿ ಡೀಸೆಲ್ ಡ್ರಮ್ಮನ್ನು ಸೋಪು ಹಾಕಿ ತೊಳೆದಿದ್ದೇನೆ. ಕತ್ತರಿಸಿ ವೆಲ್ಡ್ ಮಾಡಿ ದನಕ್ಕೆ ನೀರಿನ ತೊಟ್ಟಿ ಮಾಡಲಾ? — ಹಿರಿಯೂರಿನ ಓದುಗರು

ಬೇಡ. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಅಪಾಯ, ಒಳಗೆ ಉಳಿದ ಆವಿ ಬಾಂಬಾಗುತ್ತದೆ. ಸೋಪಿಗೆ ತಗಡಿನ ಮಡಿಕೆಗಳೊಳಗಿನ ಎಣ್ಣೆ ಹೋಗುವುದಿಲ್ಲ. ಸಿಮೆಂಟ್ ತೊಟ್ಟಿ ತನ್ನಿ. ಬೈಕಿನ ಪೆಟ್ರೋಲ್ ಟ್ಯಾಂಕಿಗೂ ಇದೇ ಉತ್ತರ.

ಕಣದ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಬಹುದಾ? ಮೆಕ್ಕೆಜೋಳದ ದಂಟು ಸ್ವಲ್ಪ ದೂರದಲ್ಲಿದೆ. — ದಾವಣಗೆರೆ ತಾಲ್ಲೂಕಿನ ಓದುಗರು

ಸ್ವಲ್ಪ ಅಂದರೆ ಎಷ್ಟು? ಕಿಡಿ 10 ಮೀಟರ್ ತನಕ ಹಾರುತ್ತದೆ, ಗ್ರೈಂಡರಿನದ್ದೂ ಅಷ್ಟೇ. ದಂಟು ಸರಿಸಿ, ಅಥವಾ ನೀವು ಸರಿಯಿರಿ. ಎರಡು ಬಕೆಟ್ ಮರಳು, ಒಂದು ಒಣಪುಡಿಯ ಅಗ್ನಿಶಾಮಕ ಪಕ್ಕದಲ್ಲಿರಲಿ. ಕರೆಂಟು ಆಫ್ ಮಾಡದೆ ಮಷೀನಿನ ಮೇಲೆ ನೀರು ಎರಚಬೇಡಿ. ಕೆಲಸ ಮುಗಿಸಿದ ಕೂಡಲೇ ಶೆಡ್ಡಿಗೆ ಬೀಗ ಹಾಕಿ ಊಟಕ್ಕೆ ಹೋಗಬೇಡಿ. ಒಂದು ಗಂಟೆ ಅಲ್ಲೇ ಏನಾದರೂ ಮಾಡಿಕೊಂಡಿರಿ, ದಂಟಿನೊಳಗೆ ಸೇರಿದ ಕಿಡಿ ನಿಧಾನಕ್ಕೆ ಹೊಗೆಯಾಡುತ್ತದೆ.

ಸರ್, ನಾನು ಡಿಪ್ಲೊಮಾ ಓದುತ್ತಿರುವ ಹುಡುಗಿ. ಅಪ್ಪನ ಮಿಗ್ಗಿನಲ್ಲಿ ಕಲಿಯುತ್ತಿದ್ದೇನೆ. ವೈರು ರೋಲರ್ ಹತ್ತಿರ ಗೊಂಚಲಾಗಿ ಸಿಕ್ಕಿಕೊಳ್ಳುತ್ತದೆ. ಅಪ್ಪ ನನ್ನ ಕೈ ಸರಿ ಇಲ್ಲ ಅಂತಾರೆ. — ದಾವಣಗೆರೆ, ನಿಟುವಳ್ಳಿ

ನಿನ್ನ ಕೈ ಸರಿಯಾಗಿಯೇ ಇದೆಯಮ್ಮಾ. ರೋಲರ್ ಮೇಲೆ ಒತ್ತಡ ಜಾಸ್ತಿ ಇದೆ, ಮುಂದೆ ಎಲ್ಲೋ ದಾರಿ ಕಟ್ಟಿದೆ. ವೈರಿಗೆ ಮುಂದೆ ಹೋಗಲು ಆಗದಿದ್ದಾಗ ರೋಲರ್ ಜಾರಬೇಕು. ಬಿಗಿ ಮಾಡಿದ್ದರೆ ಜಾರದೆ ದೂಡುತ್ತಲೇ ಇರುತ್ತದೆ, ವೈರು ಅಲ್ಲೇ ಸುತ್ತಿಕೊಳ್ಳುತ್ತದೆ. ಗ್ಲೌಸು ಹಾಕಿ, ಟಾರ್ಚನ್ನು ಮರದ ತುಂಡಿಗೆ ಓರೆಯಾಗಿ ಹಿಡಿದು ಬಟನ್ ಒತ್ತು. ವೈರು ಮರಕ್ಕೆ ತಾಗಿ ಬಾಗುತ್ತ ಬರುವಷ್ಟು ಬಿಗಿ ಸಾಕು. ಮುಖದ ಕಡೆ ಟಾರ್ಚ್ ತಿರುಗಿಸಬೇಡ, ವೈರು ಕಣ್ಣಿಗೆ ನುಗ್ಗುತ್ತದೆ.

ಆಮೇಲೆ ರೋಲರ್ ತೆಗೆದು ಅದರ ಮೇಲೆ ಬರೆದಿರುವ ಅಳತೆ ನೋಡು. ಎರಡು ಬದಿಗೆ ವೈರು ಕೂರುವ ಎರಡು ಅಳತೆಯ ಗ್ರೂವ್ ಇರುತ್ತದೆ, 0.8 ವೈರಿಗೆ 1.0 ಬದಿ ಕೂರಿಸಿರುವ ಸಾಧ್ಯತೆ ಇದೆ. ಅಳತೆ ಸರಿ ಇದ್ದರೆ ಟಿಪ್ ಬಿಚ್ಚಿ ವೈರು ಓಡಿಸು. ಸರಾಗ ಬಂದರೆ ಟಿಪ್ಪೇ ಕಟ್ಟಿದೆ, ಬದಲಾಯಿಸು. ಆಗಲೂ ತಡೆದರೆ ಟಾರ್ಚಿನ ಲೈನರ್ (ವೈರು ಹಾದುಬರುವ ಒಳಕೊಳವೆ) ಒಳಗೆ ಧೂಳು, ಕಂಪ್ರೆಸರ್ ಗಾಳಿ ಹೊಡಿ. ತುಕ್ಕು ಹಿಡಿದ ವೈರಿನಿಂದಲೇ ಆ ಧೂಳು ಬರುವುದು. ಮಳೆಗಾಲದಲ್ಲಿ ಸ್ಪೂಲನ್ನು ಮಷೀನಿನಲ್ಲೇ ಬಿಡದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡು. 0.8ರ ಟಿಪ್ಪು ನಾಲ್ಕೈದು ಒಟ್ಟಿಗೇ ತಂದಿಟ್ಟುಕೊ, ಭಾನುವಾರ ಅಂಗಡಿ ಇರುವುದಿಲ್ಲ. ಅಪ್ಪನಿಗೆ ಈ ಉತ್ತರ ತೋರಿಸು.